ಫೈನಲ್ ಕ್ಲಾಸನ್ನು ಮಾಕ್ ಮಾಡಬೇಕೆ?

ಪ್ರಶ್ನೆ: ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್. ಜಾವಾ 17, ಸ್ಪ್ರಿಂಗ್ ಬೂಟ್ 2.7. ಇನ್‌ವಾಯ್ಸ್ ಸರ್ವೀಸಿಗೆ ಯೂನಿಟ್ ಟೆಸ್ಟ್ ಬರೆಯಲು ಕೂತರೆ ಮೂರು ಕಡೆ ಮಾಕಿಟೊ (ಟೆಸ್ಟಿನಲ್ಲಿ ಅಸಲಿಯ ಬದಲು ಮಾಕ್, ಅಂದರೆ ಸುಳ್ಳು ಆಬ್ಜೆಕ್ಟ್ ಕಟ್ಟಿಕೊಡುವ ಲೈಬ್ರರಿ) ‘ಫೈನಲ್ ಕ್ಲಾಸ್, ಮಾಕ್ ಮಾಡಲಾಗದು’ ಎಂದು ಎರರ್ ಕೊಡುತ್ತದೆ. ಒಂದು, ಗ್ರಾಹಕರ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) ಇಟ್ಟುಕೊಳ್ಳುವ ಕ್ಲಾಸ್. ಎರಡು, ತೆರಿಗೆ ಲೆಕ್ಕ ಹಾಕುವ ಕ್ಲಾಸ್. ಮೂರು, ಎಸ್‌ಎಂಎಸ್ ಕಳಿಸಲು ಹೊರಗಿನ ಕಂಪನಿ ಕೊಟ್ಟಿರುವ ಎಸ್‌ಡಿಕೆಯ (ಸಿದ್ಧ ಕೋಡಿನ ಕಟ್ಟು) ಕ್ಲೈಂಟ್. ತಂಡದಲ್ಲಿ ಒಬ್ಬರು ‘ಫೈನಲ್ ತೆಗೆದುಬಿಡಿ’ ಅನ್ನುತ್ತಾರೆ, ಇನ್ನೊಬ್ಬರು ‘ಇನ್‌ಲೈನ್ (ಫೈನಲ್ ಕ್ಲಾಸನ್ನೂ ಮಾಕ್ ಮಾಡಬಲ್ಲ ಮಾಕಿಟೊದ ವಿಧಾನ) ಹಾಕಿ ಮುಗಿಸಿ’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂರು ಕಡೆಯೂ ಬರುತ್ತಿರುವ ಎರರ್ ಒಂದೇ, ಕಾಯಿಲೆ ಬೇರೆ ಬೇರೆ. ಮೊದಲೇ ಹೇಳಿಬಿಡುತ್ತೇನೆ. ಜಿಎಸ್‌ಟಿಐಎನ್ ಕ್ಲಾಸನ್ನು ಯಾವತ್ತೂ ಮಾಕ್ ಮಾಡಬೇಡಿ. ತೆರಿಗೆ ಲೆಕ್ಕದ ಕ್ಲಾಸನ್ನು ಇದ್ದದ್ದು ಇದ್ದ ಹಾಗೇ ಟೆಸ್ಟಿನಲ್ಲಿ ಬಳಸಿ. ಎಸ್‌ಎಂಎಸ್ ಕ್ಲೈಂಟನ್ನು ನಿಮ್ಮದೇ ಒಂದು ಪುಟ್ಟ ಇಂಟರ್‌ಫೇಸಿನ ಹಿಂದೆ ಕೂರಿಸಿ, ಬದಲಿಯನ್ನು ಆ ಇಂಟರ್‌ಫೇಸಿಗೆ ಕೊಡಿ. ಮೂರರಲ್ಲಿ ಒಂದಕ್ಕೂ ಫೈನಲ್ ತೆಗೆಯಬೇಕಾಗಿಲ್ಲ. ಇನ್‌ಲೈನ್ ನಿಜಕ್ಕೂ ಬೇಕಾಗುವ ಜಾಗಗಳಿವೆ. ನಿಮ್ಮ ಪಟ್ಟಿಯಲ್ಲಿ ಅವು ಇಲ್ಲ, ಆದರೂ ಕೊನೆಯಲ್ಲಿ ಅದಕ್ಕೆ ಬರುತ್ತೇನೆ.

ಎರರ್ ಬರುವುದು ಯಾಕೆ ಎಂಬುದು ಗೊತ್ತಿದ್ದರೆ ಮುಂದಿನದು ಸಲೀಸು. ಸ್ಪ್ರಿಂಗ್ ಬೂಟ್ 2.7ರ ಜೊತೆ ಬರುವುದು ಮಾಕಿಟೊ 4. ಅದು ನಿಮ್ಮ ಕ್ಲಾಸಿಗೆ ರನ್‌ಟೈಮಿನಲ್ಲಿ ಒಂದು ಸಬ್‌ಕ್ಲಾಸ್ ಹುಟ್ಟಿಸುತ್ತದೆ, ಅದರಲ್ಲಿ ಮೆಥಡ್‌ಗಳನ್ನೆಲ್ಲ ಓವರ್‌ರೈಡ್ ಮಾಡುತ್ತದೆ, ಕರೆ ಬಂದಾಗ ನೀವು ಹೇಳಿಕೊಟ್ಟ ಉತ್ತರವನ್ನು ಒಪ್ಪಿಸುತ್ತದೆ. ಫೈನಲ್ ಕ್ಲಾಸಿಗೆ ಸಬ್‌ಕ್ಲಾಸ್ ಮಾಡುವಂತಿಲ್ಲ, ಹಾಗಾಗಿ ಆಟ ಅಲ್ಲಿಗೇ ನಿಲ್ಲುತ್ತದೆ. ಜಾವಾ 16ರಲ್ಲಿ ಪಕ್ಕಾ ಆದ ರೆಕಾರ್ಡ್‌ಗಳಿಗೂ ಇದೇ ಗತಿ. ಫೈನಲ್ ಎಂದು ಬರೆಯದಿದ್ದರೂ ಅವು ಫೈನಲ್ಲೇ.

ಕ್ಲಾಸ್ ಪೂರ್ತಿ ಫೈನಲ್ ಆಗಿದ್ದರೆ ಕನಿಷ್ಠ ಕೂಗಿ ಹೇಳುತ್ತದೆ. ಕ್ಲಾಸ್ ಮಾಮೂಲಿಯಾಗಿದ್ದು ಅದರೊಳಗಿನ ಒಂದು ಮೆಥಡ್ ಮಾತ್ರ ಫೈನಲ್ ಆಗಿದ್ದಾಗ ಬರುವ ಪೀಕಲಾಟವೇ ಬೇರೆ. ವೆನ್(ಸರ್ವೀಸ್.ದರ(ಎನಿ())), ಅಂದರೆ ‘ಯಾವ ಇನ್‌ಪುಟ್ಟಿಗೆ ದರ ಕೇಳಿದರೂ ಹೀಗೆ ಉತ್ತರಿಸು’ ಎಂದು ಬರೆದಿದ್ದೀರಿ, ದರ ಎಂಬುದು ಫೈನಲ್ ಮೆಥಡ್ ಅಂದುಕೊಳ್ಳಿ. ಮಾಕಿಟೊ ಅದನ್ನು ಓವರ್‌ರೈಡ್ ಮಾಡಲಾಗದ್ದರಿಂದ ಅಸಲಿ ಮೆಥಡ್ಡೇ ಓಡುತ್ತದೆ. ಓಡುವುದು ಎಂಥ ಆಬ್ಜೆಕ್ಟಿನ ಮೇಲೆ? ಕನ್‌ಸ್ಟ್ರಕ್ಟರಿನ ಕೋಡ್ ನಡೆದೇ ಇಲ್ಲದ, ಫೀಲ್ಡ್‌ಗಳೆಲ್ಲ ನಲ್ ಆಗಿರುವ ಆಬ್ಜೆಕ್ಟಿನ ಮೇಲೆ. ಮೆಥಡ್ ಯಾವುದಾದರೂ ಫೀಲ್ಡನ್ನು ಮುಟ್ಟಿದರೆ ವೆನ್ ಬರೆದ ಸಾಲಿನಲ್ಲೇ ನಲ್‌ಪಾಯಿಂಟರ್ ಬೀಳುತ್ತದೆ. ಮುಟ್ಟದಿದ್ದರೆ ‘ವೆನ್‌ಗೆ ಮಾಕ್ ಮೇಲಿನ ಕರೆ ಬೇಕು’ ಎಂಬ ದೂರು ಬರಬಹುದು, ಇಲ್ಲವೇ ಎನಿ() ಮ್ಯಾಚರ್ ಉಳಿದುಹೋಗಿ ಸಂಬಂಧವೇ ಇಲ್ಲದ ಮುಂದಿನ ಟೆಸ್ಟ್ ಫೇಲ್ ಆಗಬಹುದು. ಅತ್ಯಂತ ಕೆಟ್ಟದ್ದು ಇನ್ನೊಂದಿದೆ: ಆ ಫೈನಲ್ ಮೆಥಡ್ ತನ್ನೊಳಗೆ ಅದೇ ಕ್ಲಾಸಿನ ಇನ್ನೊಂದು ಸಾಮಾನ್ಯ ಮೆಥಡ್ಡನ್ನು ಕರೆದರೆ, ನೀವು ಹೇಳಿಕೊಟ್ಟ ಉತ್ತರ ಹೋಗಿ ಆ ಒಳಗಿನ ಮೆಥಡ್ಡಿಗೆ ಅಂಟಿಕೊಳ್ಳುತ್ತದೆ. ಎರಡರ ರಿಟರ್ನ್ ಟೈಪೂ ಒಂದೇ ಆಗಿದ್ದರೆ ಯಾವ ಎರರೂ ಇಲ್ಲ. ‘ನಿನ್ನೆ ಪಾಸ್ ಆಗಿತ್ತು, ಇವತ್ತು ಪಕ್ಕದ ಟೆಸ್ಟ್ ಫೇಲ್’ ಎನ್ನುವ ದೂರು ಬಂದರೆ ಮೊದಲು ಹುಡುಕಬೇಕಾದದ್ದು ಫೈನಲ್ ಮೆಥಡ್ಡನ್ನು.

ಈಗ ನಿಮ್ಮ ಮೊದಲನೆಯ ಕ್ಲಾಸ್. ಜಿಎಸ್‌ಟಿಐಎನ್ ಎಂದರೆ 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್ (ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27), ಆಮೇಲೆ ಹತ್ತು ಅಕ್ಷರದ ಪ್ಯಾನ್, 13ನೆಯದು ಅದೇ ಪ್ಯಾನ್ ಮೇಲೆ ಆ ರಾಜ್ಯದಲ್ಲಿ ಎಷ್ಟನೆಯ ನೋಂದಣಿ ಎಂಬುದು, 14ನೆಯದು ಸಾಮಾನ್ಯವಾಗಿ ಜೆಡ್, 15ನೆಯದು ತಾಳೆ ನೋಡುವ ಅಕ್ಷರ. ಇದನ್ನೆಲ್ಲ ಕನ್‌ಸ್ಟ್ರಕ್ಟರ್ ಪರೀಕ್ಷಿಸಿ, ತಪ್ಪಿದ್ದರೆ ಎಕ್ಸೆಪ್ಶನ್ ಎಸೆಯುತ್ತದೆ ಎಂದಿಟ್ಟುಕೊಳ್ಳುತ್ತೇನೆ. ಈ ಕ್ಲಾಸ್ ಇರುವುದೇ ಅದಕ್ಕಾಗಿ: ಕೈಯಲ್ಲಿ ಈ ಆಬ್ಜೆಕ್ಟ್ ಇದ್ದರೆ ನಂಬರ್ ಸರಿ ಇದೆ ಎಂದು ಉಳಿದ ಕೋಡ್ ಕಣ್ಣುಮುಚ್ಚಿ ನಂಬಬಹುದು. ಮಾಕ್ ಮಾಡಿದಿರೋ, ಕನ್‌ಸ್ಟ್ರಕ್ಟರ್ ಓಡುವುದಿಲ್ಲ. ರಾಜ್ಯದ ಕೋಡ್ ಕೇಳಿದರೆ 29 ಎನ್ನುವ, ಪ್ಯಾನ್ ಕೇಳಿದರೆ ನಲ್ ಎನ್ನುವ, ಲೋಕದಲ್ಲಿ ಇರಲು ಸಾಧ್ಯವೇ ಇಲ್ಲದ ಒಂದು ನಂಬರ್ ನಿಮ್ಮ ಟೆಸ್ಟಿನೊಳಗೆ ಓಡಾಡುತ್ತದೆ. ಜೊತೆಗೆ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಎರಡಕ್ಕೂ ಉತ್ತರ ಹೇಳಿಕೊಡಲು ಮಾಕಿಟೊ ಬಿಡುವುದಿಲ್ಲ. ‘ಒಂದೇ’ ನಂಬರಿನ ಎರಡು ಮಾಕ್‌ಗಳು ಹ್ಯಾಶ್‌ಮ್ಯಾಪಿನಲ್ಲಿ ಎರಡು ಕೀ ಆಗಿ ಕೂರುತ್ತವೆ. ಗ್ರಾಹಕವಾರು ಬಿಲ್ ಗುಂಪು ಮಾಡುವ ಕೋಡ್ ಇದ್ದರೆ ಅದರ ಟೆಸ್ಟ್ ಸುಳ್ಳು ಹೇಳುತ್ತದೆ.

ಇಂಥ ಕ್ಲಾಸಿಗೆ ಬೇಕಾದದ್ದು ಟೆಸ್ಟಿನಲ್ಲಿ ಸುಲಭವಾಗಿ ಅಸಲಿ ಆಬ್ಜೆಕ್ಟ್ ಕಟ್ಟಿಕೊಡುವ ಒಂದು ಸಹಾಯಕ ಮೆಥಡ್, ಅಷ್ಟೇ. ‘ಕರ್ನಾಟಕದ ಗ್ರಾಹಕ’, ‘ಹೊರರಾಜ್ಯದ ಗ್ರಾಹಕ’ ಎಂದು ಎರಡು ಇದ್ದರೆ ಬಹುತೇಕ ಟೆಸ್ಟ್‌ಗಳಿಗೆ ಸಾಕು. ಯಾವುದೋ ಅಂಗಡಿಯ ಬಿಲ್ ನೋಡಿ ಅವರ ನಂಬರ್ ಎತ್ತಿಕೊಂಡು ಬರಬೇಡಿ. ಮೊದಲ 14 ಅಕ್ಷರ ನೀವೇ ಕಲ್ಪಿಸಿ, 15ನೆಯದನ್ನು ಲೆಕ್ಕ ಹಾಕಿಸಿ. ಅಂಕೆಗಳಿಗೆ 0ರಿಂದ 9, ಅಕ್ಷರಗಳಿಗೆ 10ರಿಂದ 35 ಬೆಲೆ ಕೊಡಿ. ಎಡದಿಂದ 1, 2, 1, 2 ಎಂದು ಗುಣಿಸುತ್ತ ಹೋಗಿ. ಪ್ರತಿ ಗುಣಲಬ್ಧವನ್ನು 36ರಿಂದ ಭಾಗಿಸಿ ಭಾಗಲಬ್ಧ, ಶೇಷ ಎರಡನ್ನೂ ಕೂಡಿ. ಒಟ್ಟು ಮೊತ್ತವನ್ನು 36ರಿಂದ ಭಾಗಿಸಿ ಉಳಿದದ್ದನ್ನು 36ರಿಂದ ಕಳೆದರೆ ತಾಳೆಯ ಅಕ್ಷರದ ಬೆಲೆ ಸಿಗುತ್ತದೆ (36 ಬಂದರೆ 0 ಅನ್ನಿ). ಹತ್ತು ಸಾಲಿನ ಕೋಡ್.

ಎರಡನೆಯದು ತೆರಿಗೆ ಲೆಕ್ಕ. ಮಾಕ್ ಮಾಡುವ ಆಸೆ ಹೆಚ್ಚು ಹುಟ್ಟುವುದು ಇಲ್ಲೇ, ನಷ್ಟ ಹೆಚ್ಚು ಆಗುವುದೂ ಇಲ್ಲೇ. ಒಂದು ಸಾಲಿನ ಬೆಲೆ ₹99.95, ದರ ಶೇ 18 ಎಂದಿಟ್ಟುಕೊಳ್ಳಿ. ಹೊರರಾಜ್ಯದ ಬಿಲ್ಲಾದರೆ ಐಜಿಎಸ್‌ಟಿ 17.991, ಎರಡು ದಶಮಾಂಶಕ್ಕೆ ಇಳಿಸಿದರೆ 17.99. ಅದೇ ಕರ್ನಾಟಕದೊಳಗಿನ ಬಿಲ್ಲಾದರೆ ಸಿಜಿಎಸ್‌ಟಿ ಶೇ 9, ಅಂದರೆ 8.9955, ಅದು 9.00 ಆಗುತ್ತದೆ, ಎಸ್‌ಜಿಎಸ್‌ಟಿಯೂ 9.00. ಒಟ್ಟು 18.00. ಒಂದೇ ಸಾಮಾನಿಗೆ ಒಂದು ಕಡೆ ₹117.94, ಇನ್ನೊಂದು ಕಡೆ ₹117.95. ಇನ್‌ವಾಯ್ಸ್ ಸರ್ವೀಸ್ ಮೊತ್ತವನ್ನು ಶೇ 18ರಿಂದ ಒಮ್ಮೆಗೇ ಲೆಕ್ಕ ಹಾಕಿ, ಆಮೇಲೆ ಮುದ್ರಿಸುವಾಗ ಎರಡು ಒಂಬತ್ತು ತೋರಿಸಿದರೆ ಬಿಲ್ಲಿನ ಕೂಡಿಕೆಯೇ ತಾಳೆ ಬೀಳುವುದಿಲ್ಲ. ಲೆಕ್ಕದ ಕ್ಲಾಸನ್ನು ಮಾಕ್ ಮಾಡಿ ‘ತೆರಿಗೆ 18.00’ ಎಂದು ಹೇಳಿಕೊಟ್ಟರೆ ಟೆಸ್ಟ್ 18.00 ಎಂದೇ ಹೇಳುತ್ತದೆ, 17.99 ಎಂದು ಹೇಳಿಕೊಟ್ಟರೆ ಹಾಗೇ ಹೇಳುತ್ತದೆ. ಒಂದು ಪೈಸೆಯ ತಪ್ಪು ಹುಟ್ಟುವುದು ಎರಡು ಕ್ಲಾಸ್‌ಗಳ ನಡುವಿನ ಸಂದಿಯಲ್ಲಿ; ಮಾಕ್ ಇಟ್ಟಿದ್ದು ಅದೇ ಸಂದಿಗೆ.

ಬಿಗ್‌ಡೆಸಿಮಲ್ ಸೇರಿದರೆ ಇನ್ನೊಂದು ತೊಡಕು. 99.95 ಕೊಟ್ಟರೆ ಇಂಥ ಉತ್ತರ ಕೊಡು ಎಂದು ಮಾಕಿಗೆ ಹೇಳಿದ್ದೀರಿ. ಕೋಡ್ ನಡುವೆ ಎಲ್ಲೋ ಗುಣಾಕಾರ ಮಾಡಿ 99.950 ಕಳಿಸುತ್ತದೆ. ಬಿಗ್‌ಡೆಸಿಮಲ್‌ನ ಈಕ್ವಲ್ಸ್ ದಶಮಾಂಶದ ಸ್ಥಾನಗಳನ್ನೂ ನೋಡುವುದರಿಂದ ಅದಕ್ಕೆ ಇವೆರಡೂ ಬೇರೆ. ಮಾಕ್ ಗುರುತು ಹಿಡಿಯದೆ ನಲ್ ಕೊಡುತ್ತದೆ, ಮುಂದಿನ ಸಾಲಿನ ಕೂಡಿಕೆಯಲ್ಲಿ ನಲ್‌ಪಾಯಿಂಟರ್. ಮಾಕ್ ಇಟ್ಟೇ ತೀರಬೇಕಾದಲ್ಲಿ ಅಡಿಷನಲ್‌ಮ್ಯಾಚರ್ಸ್‌ನ ಸಿಎಂಪಿಈಕ್ಯೂ ಬಳಸಿ, ಅದು ಕಂಪೇರ್‌ಟುವಿನಿಂದ ಹೋಲಿಸುತ್ತದೆ. ಆದರೆ ಲೆಕ್ಕದ ಕ್ಲಾಸ್ ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತದೆ, ನೆಟ್‌ವರ್ಕ್ ಮುಟ್ಟುವುದಿಲ್ಲ, ಒಂದೇ ಇನ್‌ಪುಟ್ಟಿಗೆ ಸದಾ ಒಂದೇ ಉತ್ತರ ಕೊಡುತ್ತದೆ. ಅದನ್ನು ಬದಲಿಸಲು ಕಾರಣವೇ ಇಲ್ಲ. ಯೂನಿಟ್ ಟೆಸ್ಟ್ ಎಂದರೆ ಒಂದೇ ಕ್ಲಾಸ್ ಎಂಬ ನಂಬಿಕೆ ಬಹಳ ಕಡೆ ಇದೆ. ನನ್ನ ಮಟ್ಟಿಗೆ ಒಂದು ವರ್ತನೆಯನ್ನು ಬೇಗ, ಹೊರಗಿನ ಹಂಗಿಲ್ಲದೆ ಪರೀಕ್ಷಿಸಿದರೆ ಅದು ಯೂನಿಟ್ ಟೆಸ್ಟೇ, ಒಳಗೆ ನಾಲ್ಕು ಕ್ಲಾಸ್ ಇದ್ದರೂ.

‘ನಮ್ಮ ತೆರಿಗೆ ಕ್ಲಾಸ್ ಡೇಟಾಬೇಸಿನಿಂದ ದರ ಓದುತ್ತದಲ್ಲ’ ಎನ್ನುತ್ತೀರೇನೋ. ಹಾಗಿದ್ದರೆ ಬದಲಿಸಬೇಕಾದದ್ದು ದರ ಓದುವ ತುಂಡನ್ನು. ದರಪಟ್ಟಿ ಎಂಬ ಒಂದು ಮೆಥಡ್ಡಿನ ಇಂಟರ್‌ಫೇಸ್ ಮಾಡಿ, ಕನ್‌ಸ್ಟ್ರಕ್ಟರಿನಲ್ಲಿ ಕೊಡಿ. ಟೆಸ್ಟಿನಲ್ಲಿ ಒಂದು ಲ್ಯಾಂಬ್ಡಾ ಸಾಕು. ಲೆಕ್ಕದ ಕ್ಲಾಸ್ ಫೈನಲ್ ಆಗಿಯೇ ಇರಲಿ. ದಿನಾಂಕಕ್ಕೂ ಇದೇ ದಾರಿ. 2025ರ ಸೆಪ್ಟೆಂಬರ್ 22ರಿಂದ ಏಸಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಇಂಥ ಗಡಿಯನ್ನು ಪರೀಕ್ಷಿಸಲು ಲೋಕಲ್‌ಡೇಟ್ ಎಂಬ ಫೈನಲ್ ಕ್ಲಾಸಿನ ಸ್ಟ್ಯಾಟಿಕ್ ಮೆಥಡ್ಡನ್ನು ಮಾಕ್ ಮಾಡುವವರಿದ್ದಾರೆ. ಮಾಕಿಟೊ 3.4ರಿಂದ ಅದು ಸಾಧ್ಯ ನಿಜ. ಆದರೆ ಆ ಮಾಕ್ ಒಂದು ಥ್ರೆಡ್ಡಿಗೆ ಮಾತ್ರ ಸೀಮಿತ, ಕೆಲಸ ಬೇರೆ ಥ್ರೆಡ್ಡಿಗೆ ಹೋದರೆ ಅಸಲಿ ದಿನಾಂಕವೇ ಸಿಗುತ್ತದೆ. ಟ್ರೈ ಬ್ಲಾಕಿನಲ್ಲಿ ಇಟ್ಟು ಮುಚ್ಚದಿದ್ದರೆ ಮುಂದಿನ ಟೆಸ್ಟಿನಲ್ಲಿ ‘ಈಗಾಗಲೇ ನೋಂದಾಯಿಸಲಾಗಿದೆ’ ಎಂಬ ಎರರ್. ಇಷ್ಟೆಲ್ಲ ಯಾಕೆ? ಜಾವಾ 8ರಿಂದಲೇ ಕ್ಲಾಕ್ ಎಂಬ ಕ್ಲಾಸ್ ಇದೆ. ಕನ್‌ಸ್ಟ್ರಕ್ಟರಿನಲ್ಲಿ ಕ್ಲಾಕ್ ತೆಗೆದುಕೊಳ್ಳಿ, ಲೋಕಲ್‌ಡೇಟ್.ನೌ(ಕ್ಲಾಕ್) ಎಂದು ಕರೆಯಿರಿ, ಟೆಸ್ಟಿನಲ್ಲಿ ಕ್ಲಾಕ್.ಫಿಕ್ಸ್ಡ್ ಕೊಡಿ. ಸಮಯವಲಯವನ್ನು ಏಷ್ಯಾ/ಕೋಲ್ಕತಾ ಎಂದು ಸ್ಪಷ್ಟವಾಗಿ ಬರೆಯಿರಿ. ನಮ್ಮಲ್ಲಿ ಸೆಪ್ಟೆಂಬರ್ 22 ಶುರುವಾಗುವುದು ಯುಟಿಸಿಯಲ್ಲಿ 21ರ ಸಂಜೆ 18:30ಕ್ಕೆ. ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಸಿಐ ಸರ್ವರ್ ಯುಟಿಸಿಯಲ್ಲಿದ್ದರೆ ನಡುವಿನ ಐದೂವರೆ ಗಂಟೆ ನಿಮ್ಮ ಕೋಡ್ ಹಳೇ ದರವನ್ನೇ ಹಾಕುತ್ತದೆ. 18:29:59 ಮತ್ತು 18:30:00, ಎರಡು ಕ್ಷಣಗಳಿಗೆ ಎರಡು ಟೆಸ್ಟ್ ಬರೆದರೆ ಆ ತಪ್ಪು ಸಿಕ್ಕಿಬೀಳುತ್ತದೆ.

ಮೂರನೆಯದು ಎಸ್‌ಎಂಎಸ್ ಕ್ಲೈಂಟ್. ಇದನ್ನು ಮಾತ್ರ ನಿಜಕ್ಕೂ ಬದಲಿಸಲೇಬೇಕು. ಟೆಸ್ಟ್ ಓಡಿದಾಗಲೆಲ್ಲ ಯಾರದೋ ಮೊಬೈಲ್ ಕಿಣಿಕಿಣಿ ಎನ್ನಬಾರದಲ್ಲ. ಆದರೂ ಎಸ್‌ಡಿಕೆಯ ಕ್ಲಾಸನ್ನು ನೇರವಾಗಿ ಮಾಕ್ ಮಾಡಬೇಡಿ. ನಿಮ್ಮದಲ್ಲದ ಟೈಪನ್ನು ಮಾಕ್ ಮಾಡಬೇಡಿ ಎಂದು ಮಾಕಿಟೊ ತಂಡವೇ ತನ್ನ ವಿಕಿಯಲ್ಲಿ ಬರೆದಿದೆ. ಕಾರಣ ಸರಳ. ಆ ಕ್ಲೈಂಟ್ ಹೇಗೆ ನಡೆದುಕೊಳ್ಳುತ್ತದೆ ಎಂಬ ನಿಮ್ಮ ಊಹೆಯನ್ನು ಮಾಕ್ ಮತ್ತೆ ನಿಮಗೇ ಒಪ್ಪಿಸುತ್ತದೆ. ಊಹೆ ತಪ್ಪಿದ್ದರೆ ಟೆಸ್ಟ್ ಪಾಸ್, ಪ್ರೊಡಕ್ಷನ್ ಫೇಲ್.

ಎಸ್‌ಎಂಎಸ್‌ನಲ್ಲಿ ಊಹೆ ತಪ್ಪಲು ಜಾಗಗಳು ಬೇಕಾದಷ್ಟಿವೆ. ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ಸಂದೇಶದ ಮಾದರಿಯನ್ನು ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆ) ಮೊದಲೇ ನೋಂದಾಯಿಸಿರಬೇಕು. ಕಳಿಸಿದ ಪಠ್ಯ ಮಾದರಿಗೆ ಹೊಂದದಿದ್ದರೆ ಸಂದೇಶ ತಲುಪುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂದೇಶ ಒಂದಕ್ಕೆ 160 ಅಕ್ಷರ ಹಿಡಿದರೆ, ಕನ್ನಡ ಬಂದ ಕೂಡಲೇ ಅದು 70ಕ್ಕೆ ಇಳಿಯುತ್ತದೆ. ಉದ್ದವಾಗಿ ತುಂಡಾದರೆ ತುಂಡಿಗೆ 67. ಅದರಲ್ಲೂ ನಾವು ಒಂದೇ ಅಕ್ಷರವಾಗಿ ಕಾಣುವ ‘ಕ್ಷ’ ಅಲ್ಲಿ ಮೂರಾಗಿ ಎಣಿಕೆಯಾಗುತ್ತದೆ: ಕ, ಹಲಂತದ ಗುರುತು, ಷ. ‘ಯಶಸ್ವಿ, 1 ತುಂಡು’ ಎಂದು ಹೇಳಿಕೊಟ್ಟ ಮಾಕಿಗೆ ಇದೊಂದೂ ಗೊತ್ತಿಲ್ಲ.

ಹಾಗಾಗಿ ಹೀಗೆ ಮಾಡಿ. ಸಂದೇಶವಾಹಕ ಎಂಬ ಇಂಟರ್‌ಫೇಸ್, ಅದರಲ್ಲಿ ಒಂದೇ ಮೆಥಡ್: ಮೊಬೈಲ್ ನಂಬರ್, ಮಾದರಿಯ ಐಡಿ, ಪಠ್ಯ ತೆಗೆದುಕೊಂಡು ನಿಮ್ಮದೇ ಟೈಪಿನ ಫಲಿತಾಂಶ ಕೊಡುವುದು. ಎಸ್‌ಡಿಕೆಯ ಯಾವ ಟೈಪೂ ಈ ಇಂಟರ್‌ಫೇಸಿನಲ್ಲಿ ಇಣುಕಬಾರದು, ಎಕ್ಸೆಪ್ಶನ್ ಕೂಡ. ಇದನ್ನು ಪೂರೈಸುವ ಒಂದು ಅಡಾಪ್ಟರ್ ಕ್ಲಾಸ್, ಮೂವತ್ತು ಸಾಲಿನೊಳಗೆ: ಎಸ್‌ಡಿಕೆಯನ್ನು ಕರೆಯುವುದು, ಅದರ ಎಕ್ಸೆಪ್ಶನ್ನುಗಳನ್ನು ‘ತಿರಸ್ಕೃತ’, ‘ಮತ್ತೆ ಪ್ರಯತ್ನಿಸಬಹುದು’ ಎಂಬ ಎರಡು ಬಗೆಗೆ ಇಳಿಸುವುದು. ಅಡಾಪ್ಟರಿನಲ್ಲಿ ಬಿಲ್ಲಿಂಗಿನ ಇಫ್-ಎಲ್ಸ್ ನುಸುಳಿದರೆ ಅದು ತಪ್ಪು ಜಾಗದಲ್ಲಿದೆ. ಇನ್‌ವಾಯ್ಸ್ ಸರ್ವೀಸಿನ ಟೆಸ್ಟಿಗೆ ಮಾಕಿಗಿಂತ ಕೈಯಿಂದ ಬರೆದ ನಕಲಿ ವಾಹಕವೇ ಮೇಲು. ಬಂದ ಸಂದೇಶಗಳನ್ನು ಒಂದು ಲಿಸ್ಟಿನಲ್ಲಿ ಇಟ್ಟುಕೊಳ್ಳುತ್ತದೆ, ‘ಈಗ ಕೈಕೊಡು’ ಎಂದರೆ ಕೈಕೊಡುತ್ತದೆ. ಹದಿನೈದು ಸಾಲು, ಐವತ್ತು ಟೆಸ್ಟಿಗೆ ಬರುತ್ತದೆ, ಅದಕ್ಕೆ ಮಾಕಿಟೊ ಬೇಕಾಗಿಯೇ ಇಲ್ಲ.

ಅಡಾಪ್ಟರನ್ನು ಪರೀಕ್ಷಿಸಲು ವೈರ್‌ಮಾಕ್ ಅಥವಾ ಮಾಕ್‌ವೆಬ್‌ಸರ್ವರ್ ಬಳಸಿ ಲೋಕಲ್ ಪೋರ್ಟಿನಲ್ಲಿ ಸುಳ್ಳು ಸರ್ವರ್ ಎಬ್ಬಿಸಿ, ಎಸ್‌ಡಿಕೆಯ ಬೇಸ್ ಯುಆರ್‌ಎಲ್ ಅದಕ್ಕೆ ತಿರುಗಿಸಿ. ಅಸಲಿ ಕ್ಲೈಂಟ್, ಅಸಲಿ ಎಚ್‌ಟಿಟಿಪಿ, ಸುಳ್ಳು ಇರುವುದು ಆಚೆ ತುದಿಯಲ್ಲಿ ಮಾತ್ರ. ಕನಿಷ್ಠ ಐದು ಸಂದರ್ಭ ಇರಲಿ: 200 (‘ಸರಿ’ ಎಂಬ ಎಚ್‌ಟಿಟಿಪಿ ಕೋಡ್) ಬಂದು ಒಳಗೆ ಯಶಸ್ಸು, 200 ಬಂದು ಒಳಗೆ ತಿರಸ್ಕಾರ (ಇದನ್ನು ಮರೆಯುವವರೇ ಹೆಚ್ಚು), 429 (ಕೋರಿಕೆಗಳು ಮಿತಿ ಮೀರಿವೆ), 500 (ಸರ್ವರ್ ದೋಷ), ಮತ್ತು ತಡವಾದ ಉತ್ತರ. ಕೊನೆಯದಕ್ಕೆ ಕ್ಲೈಂಟಿನ ಟೈಮ್‌ಔಟ್ 1 ಸೆಕೆಂಡ್, ಸರ್ವರಿನ ವಿಳಂಬ 3 ಸೆಕೆಂಡ್ ಇಟ್ಟರೆ ಸಾಕು. ಬೇಸ್ ಯುಆರ್‌ಎಲ್ ಬದಲಿಸಲು ಎಸ್‌ಡಿಕೆ ಬಿಡದಿದ್ದರೆ ಅಡಾಪ್ಟರಿನ ಟೆಸ್ಟಿನಲ್ಲಿ ಮಾತ್ರ ಇನ್‌ಲೈನ್ ಮಾಕ್ ಬಳಸಿ, ಜೊತೆಗೆ ಸ್ಯಾಂಡ್‌ಬಾಕ್ಸ್ ಖಾತೆಯ ಮೇಲೆ ರಾತ್ರಿ ಓಡುವ ಒಂದೆರಡು ಟೆಸ್ಟ್ ಇಡಿ.

ಇನ್ನು ಇನ್‌ಲೈನ್. ಅದು ಸಬ್‌ಕ್ಲಾಸ್ ಮಾಡುವುದಿಲ್ಲ. ಜೆವಿಎಂ ಒಳಗೆ ಲೋಡ್ ಆಗಿರುವ ಅಸಲಿ ಕ್ಲಾಸಿನ ಬೈಟ್‌ಕೋಡನ್ನೇ ತಿದ್ದಿ, ಪ್ರತಿ ಮೆಥಡ್ಡಿನ ತಲೆಗೆ ‘ಈ ಆಬ್ಜೆಕ್ಟ್ ಮಾಕ್ ಹೌದೋ ಅಲ್ಲವೋ’ ಎಂಬ ತಪಾಸಣೆ ಸೇರಿಸುತ್ತದೆ. ಹಾಗಾಗಿ ಫೈನಲ್ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೂ ಆಗದ್ದಿದೆ: ಸ್ಟ್ರಿಂಗ್, ಇಂಟೀಜರ್‌ನಂಥ ರ‍್ಯಾಪರ್‌ಗಳು, ನೇಟಿವ್ ಮೆಥಡ್‌ಗಳು. ಇದು ಬೇಕಾಗುವುದು ಮುಖ್ಯವಾಗಿ ಹಳೇ ಕೋಡಿಗೆ. ಟೆಸ್ಟೇ ಇಲ್ಲದ, ನಡುವೆ ಕೈ ಹಾಕಲು ಸಂದಿಯೂ ಇಲ್ಲದ ಐದು ಸಾವಿರ ಸಾಲಿನ ಕ್ಲಾಸನ್ನು ಒಡೆಯುವ ಮೊದಲು ಈಗಿನ ವರ್ತನೆಯನ್ನು ಹಿಡಿದಿಡಬೇಕು. ಆಗ ಏನಿದೆಯೋ ಅದನ್ನೆಲ್ಲ ಇನ್‌ಲೈನಿನಿಂದ ಮಾಕ್ ಮಾಡಿ, ಒಡೆದ ಮೇಲೆ ಆ ಟೆಸ್ಟ್‌ಗಳನ್ನು ಬಿಸಾಡಿ. ಕಾಟ್ಲಿನ್‌ನಲ್ಲೂ ಬೇಕಾಗುತ್ತದೆ. ಅಲ್ಲಿ ಓಪನ್ ಎಂದು ಬರೆಯದ ಕ್ಲಾಸೆಲ್ಲ ಫೈನಲ್, ಆದ್ದರಿಂದ ಫೈನಲ್ ಇರುವುದರಿಂದ ಬರೆದವರ ಉದ್ದೇಶ ಏನೂ ತಿಳಿಯುವುದಿಲ್ಲ.

ಹಾಕುವ ಬಗೆ. ಮಾಕಿಟೊ 2ರಿಂದ 4ರವರೆಗೆ ಮಾಕಿಟೊ-ಇನ್‌ಲೈನ್ ಡಿಪೆಂಡೆನ್ಸಿಯನ್ನು ಟೆಸ್ಟ್ ಸ್ಕೋಪಿನಲ್ಲಿ ಸೇರಿಸಿ, ಕೋರ್ ಮತ್ತು ಇನ್‌ಲೈನ್ ಒಂದೇ ಆವೃತ್ತಿ ಇರಲಿ. ಇಲ್ಲವೇ ಟೆಸ್ಟ್ ರಿಸೋರ್ಸಸ್ ಒಳಗೆ ಮಾಕಿಟೊ-ಎಕ್ಸ್‌ಟೆನ್ಶನ್ಸ್ ಫೋಲ್ಡರ್ ಮಾಡಿ, ಮಾಕ್‌ಮೇಕರ್ ಪ್ಲಗಿನ್ನಿನ ಪೂರ್ತಿ ಹೆಸರಿನ ಫೈಲಿನಲ್ಲಿ ಮಾಕ್-ಮೇಕರ್-ಇನ್‌ಲೈನ್ ಎಂಬ ಒಂದು ಸಾಲು ಬರೆಯಿರಿ. ಫೈಲಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಅದು ಸುಮ್ಮನೆ ಇರುತ್ತದೆ, ಹೆಸರು ತಪ್ಪಿದೆ ಎಂಬ ಎರರ್ ಬರುವುದಿಲ್ಲ, ಮಾಕೂ ಆಗುವುದಿಲ್ಲ. ಹಲವು ಮಾಡ್ಯೂಲಿನ ಪ್ರಾಜೆಕ್ಟಾದರೆ ಪ್ರತಿ ಮಾಡ್ಯೂಲಿಗೂ ಬೇಕು. 2023ರ ಜನವರಿಯಲ್ಲಿ ಬಂದ ಮಾಕಿಟೊ 5ರಿಂದ ಇನ್‌ಲೈನೇ ಮಾಮೂಲಿ. ಸ್ಪ್ರಿಂಗ್ ಬೂಟ್ 3.1ಕ್ಕೆ ಏರಿದ ದಿನ ನಿಮ್ಮ ಎರರ್ ತಾನಾಗಿ ಮಾಯವಾಗುತ್ತದೆ. ಅಂದು ಜಿಎಸ್‌ಟಿಐಎನ್ ಕ್ಲಾಸನ್ನೂ ತೆರಿಗೆ ಕ್ಲಾಸನ್ನೂ ಮಾಕ್ ಮಾಡಲು ಯಾರೂ ತಡೆಯುವುದಿಲ್ಲ. ಆ ಕ್ಲಾಸ್‌ಗಳ ಮೇಲೆ ಡುನಾಟ್‌ಮಾಕ್ ಎಂಬ ಅನೋಟೇಶನ್ ಈಗಲೇ ಹಾಕಿಡಿ, ಕಾರಣವನ್ನೂ ಅದರಲ್ಲಿ ಬರೆಯಬಹುದು. ಮಾಕಿಟೊ ಅದನ್ನು ಕಂಡರೆ ಮಾಕ್ ಮಾಡಲು ಒಪ್ಪುವುದಿಲ್ಲ.

ಹಳೇ ಸಲಹೆಗಳಲ್ಲಿ ಪವರ್‌ಮಾಕ್ ಎಂಬ ಇನ್ನೊಂದು ಮಾಕ್ ಲೈಬ್ರರಿಯ ಹೆಸರು ಕಾಣಿಸುತ್ತದೆ. ಹೊಸದಾಗಿ ತರಬೇಡಿ. ಅದು ಕ್ಲಾಸನ್ನು ತನ್ನದೇ ಕ್ಲಾಸ್‌ಲೋಡರಿನಿಂದ ಲೋಡ್ ಮಾಡುವುದರಿಂದ ಜಾಕೊಕೊ (ಟೆಸ್ಟ್‌ಗಳು ಎಷ್ಟು ಕೋಡ್ ಓಡಿಸಿದವು ಎಂದು ಅಳೆಯುವ ಸಾಧನ) ಆ ಕ್ಲಾಸಿನ ಕವರೇಜ್ ಸೊನ್ನೆ ತೋರಿಸುತ್ತದೆ, ಜೆಯೂನಿಟ್ 5 ಜೊತೆಗೂ ಹೊಂದುವುದಿಲ್ಲ.

‘ಫೈನಲ್ ತೆಗೆಯಿರಿ’ ಎಂದವರ ಮಾತು ಪೂರ್ತಿ ತಪ್ಪೇನಲ್ಲ. ಯಾರೋ ಅಭ್ಯಾಸಬಲದಿಂದ ಸರ್ವೀಸ್ ಕ್ಲಾಸಿಗೆಲ್ಲ ಫೈನಲ್ ಹಾಕಿದ್ದರೆ ತೆಗೆದರೆ ನಷ್ಟವಿಲ್ಲ. ಇಂಟರ್‌ಫೇಸ್ ಇಲ್ಲದ ಸ್ಪ್ರಿಂಗ್ ಬೀನಿನ ಮೇಲೆ ಟ್ರಾನ್ಸಾಕ್ಶನಲ್ ಅನೋಟೇಶನ್ ಇದ್ದರಂತೂ ಫೈನಲ್ ಇರಲೇಬಾರದು. ಸ್ಪ್ರಿಂಗ್ ಕೂಡ ಅಲ್ಲಿ ಸಬ್‌ಕ್ಲಾಸ್ ಮಾಡಿಯೇ ಪ್ರಾಕ್ಸಿ ಕಟ್ಟುವುದು. ಜಿಎಸ್‌ಟಿಐಎನ್ ಕ್ಲಾಸಿನಿಂದ ತೆಗೆದರೆ ಕಥೆ ಬೇರೆ. ನಾಳೆ ಯಾರಾದರೂ ಅದಕ್ಕೆ ಸಬ್‌ಕ್ಲಾಸ್ ಮಾಡಿ ಒಂದು ಫೀಲ್ಡ್ ಸೇರಿಸಿದರೆ ಈಕ್ವಲ್ಸ್ ಎರಡು ದಿಕ್ಕಿನಲ್ಲಿ ಎರಡು ಉತ್ತರ ಕೊಡಲು ಶುರುಮಾಡುತ್ತದೆ.

ಜಾವಾ 21ಕ್ಕೆ ಹೋಗುವ ಯೋಚನೆ ಇದ್ದರೆ ಒಂದು ಮಾತು. ಇನ್‌ಲೈನ್ ಓಡುತ್ತಿರುವ ಜೆವಿಎಂಗೆ ತನ್ನನ್ನು ತಾನೇ ಏಜೆಂಟಾಗಿ ಅಂಟಿಸಿಕೊಳ್ಳುತ್ತದೆ, ಜಾವಾ 21 ಅದಕ್ಕೆ ಎಚ್ಚರಿಕೆ ಮುದ್ರಿಸುತ್ತದೆ. ಮಾಕಿಟೊ 5.14 ಅಥವಾ ಅದಕ್ಕಿಂತ ಹೊಸದಾದರೆ ಮಾಕಿಟೊ-ಕೋರ್ ಜಾರನ್ನು ಜಾವಾಏಜೆಂಟ್ ಆಯ್ಕೆಯಾಗಿ ಮೊದಲೇ ಕೊಟ್ಟರೆ ಎಚ್ಚರಿಕೆ ನಿಲ್ಲುತ್ತದೆ. ಮೇವನ್‌ನಲ್ಲಿ ಇದನ್ನು ಬರೆಯುವುದು ಶ್ಯೂರ್‌ಫೈರ್ ಪ್ಲಗಿನ್ನಿನ ಆರ್ಗ್‌ಲೈನ್‌ನಲ್ಲಿ. ಜಾಕೊಕೊ ಕೂಡ ತನ್ನ ಏಜೆಂಟನ್ನು ಆರ್ಗ್‌ಲೈನ್ ಎಂಬ ಪ್ರಾಪರ್ಟಿಯಲ್ಲೇ ಇಡುತ್ತದೆ. ನೀವು ಪ್ಲಗಿನ್ನಿನಲ್ಲಿ ನಿಮ್ಮದನ್ನಷ್ಟೇ ಬರೆದರೆ ಅದರದ್ದು ಅಳಿಸಿಹೋಗಿ ಮರುದಿನ ಕವರೇಜ್ ಸೊನ್ನೆಯಾಗಿರುತ್ತದೆ. ಮೊದಲು ಅಟ್ ಚಿಹ್ನೆ ಮತ್ತು ಪುಷ್ಪಾವರಣದಲ್ಲಿ ಆರ್ಗ್‌ಲೈನ್ ಎಂದು ಬರೆದು, ಒಂದು ಜಾಗ ಬಿಟ್ಟು, ಆಮೇಲೆ ಮಾಕಿಟೊ ಏಜೆಂಟನ್ನು ಸೇರಿಸಿ. ಡಾಲರ್ ಚಿಹ್ನೆ ಬಳಸಿದರೆ ಜಾಕೊಕೊ ತನ್ನ ಬೆಲೆ ತುಂಬುವ ಮೊದಲೇ ಮೇವನ್ ಅದನ್ನು ಓದಿಬಿಡುತ್ತದೆ.